ಪೆನ್ಸಿಲ್ಲಿನಲ್ಲಿ ಬರೆದ ಅಭಿಪ್ರಾಯ

ನನಗೆ ಯಾರಾದರೂ ಪುಸ್ತಕ ಕೊಡುವುದಿದ್ದರೆ ಮೊದಲು ಅಕ್ಕಪಕ್ಕದ ಪೆನ್ಸಿಲ್ಲುಗಳನ್ನು ಎತ್ತಿಡಬೇಕು. ಸಕ್ಕರೆ ಕಾಯಿಲೆಯವರ ಮುಂದೆ ಮೈಸೂರುಪಾಕಿನ ಡಬ್ಬಿ ತೆರೆದಿಡಬಾರದಲ್ಲ, ಹಾಗೆ. ಮೊನ್ನೆ ಚಳಿಗಾಲದ ಕೋಟನ್ನು ಒಗೆಯಲು ಹಾಕುವ ಮೊದಲು ಜೇಬು ತಡಕಿದರೆ ಮೋಟು ಪೆನ್ಸಿಲ್ಲೊಂದು ಸಿಕ್ಕಿತು. ಇಲ್ಲಿಯ ಪೀಠೋಪಕರಣದ ದೊಡ್ಡ ಅಂಗಡಿಗಳಲ್ಲಿ ಅಳತೆ ಬರೆದುಕೊಳ್ಳಲೆಂದು ಇಟ್ಟಿರುತ್ತಾರೆ, ಬೆರಳುದ್ದದವು. ಸ್ವೀಡನ್ನಿನಲ್ಲಿರುವ ಪ್ರತಿ ಕನ್ನಡಿಗರ ಮನೆಯಲ್ಲೂ ಇಂಥವು ಹತ್ತಾದರೂ ಇರುತ್ತವೆ. ನಮ್ಮನೇಲಿ ಇಲ್ಲಪ್ಪ ಎನ್ನುವವರು ಸೋಫಾದ ಸಂದಿ ನೋಡಿಲ್ಲ ಅಷ್ಟೆ. ಆ ಪೆನ್ಸಿಲ್ ಹಿಡಿದುಕೊಂಡು ಅಲ್ಲೇ ನಿಂತು ನಕ್ಕೆ. ಹೋದ ವರ್ಷ ಇದೇ ನನ್ನ ಮಾನ ಕಳೆಯುವುದರಲ್ಲಿತ್ತು.

ಅದನ್ನು ಹೇಳುವ ಮೊದಲು ದಾವಣಗೆರೆಗೆ ಒಂದು ಸುತ್ತು ಹೋಗಿಬರಬೇಕು. ನಾನು ಬೆಳೆದದ್ದು ಅಲ್ಲಿ. ನಮ್ಮ ಬೀದಿಯ ತುದಿಗೆ ಹಿಟ್ಟಿನ ಗಿರಣಿ, ಅದರ ಗೋಡೆಗೆ ಅಂಟಿಕೊಂಡೇ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಪುಸ್ತಕಗಳ ಮೇಲೆ ಸದಾ ಜೋಳದ ಹಿಟ್ಟಿನ ತೆಳುವಾದ ಪುಡಿ ಕೂತಿರುತ್ತಿತ್ತು. ಫೂ ಎಂದು ಊದಿ, ಒಂದು ಸಲ ಸೀನಿ, ಆಮೇಲೆ ಓದಲು ಶುರು ಮಾಡಬೇಕು. ನಮ್ಮ ಜೊತೆಗೇ ಇದ್ದ ಸರೋಜ ಚಿಕ್ಕಮ್ಮ ದಿನಕ್ಕೊಂದು ಕಾದಂಬರಿ ಮುಗಿಸುವ ಜಟ್ಟಿ. ಪುಸ್ತಕ ಬದಲಾಯಿಸಿ ತರುವ ಕೆಲಸ ನನ್ನದು.

"ಹಿಂದಿನ ಪುಟ ನೋಡ್ಕಂಡು ತಗಂಡು ಬಾರೇ," ಎಂದು ಅಡಿಗೆಮನೆಯಿಂದಲೇ ಕೂಗುತ್ತಿದ್ದಳು. "ಮುನ್ನುಡಿ ಬರಿಯೋರು ಲೇಖಕರ ಕಡೇರು. ಹಿಂದಿನ ಪುಟದೋರು ನಮ್ಮ ಕಡೇರು."

ಲೈಬ್ರರಿ ಪುಸ್ತಕಗಳ ಹಿಂದಿನ ಖಾಲಿ ಪುಟ ನಿಮಗೂ ನೆನಪಿರಬೇಕು. ಓದಿದವರೆಲ್ಲ ಅಲ್ಲಿ ಅಭಿಪ್ರಾಯ ಬರೆಯುತ್ತಿದ್ದರು. "ತುಂಬಾ ಚೆನ್ನಾಗಿದೆ, ಕೊನೆಯಲ್ಲಿ ಅಳು ತಡೆಯಲಾಗಲಿಲ್ಲ, ಇಂತಿ ಗೀತಾ." ಅದರ ಕೆಳಗೆ ಬೇರೆ ಕೈಬರಹದಲ್ಲಿ, "ಅಳುವಂಥದ್ದು ಏನೂ ಇಲ್ಲ, ಈರುಳ್ಳಿ ಹೆಚ್ಚುತ್ತಾ ಓದಿರಬೇಕು." ಅದರ ಕೆಳಗೆ, "ಗೀತಾ ಅವರೇ ಅಳಬೇಡಿ, ನಾನಿದ್ದೇನೆ." ಅದಕ್ಕೂ ಕೆಳಗೆ ಕೆಂಪು ಶಾಯಿಯಲ್ಲಿ, "ನೀನ್ಯಾವನೋ?" ಇದು ಗೀತಾಳ ಅಣ್ಣನೇ ಇರಬೇಕೆಂದು ಚಿಕ್ಕಮ್ಮನ ಊಹೆ. ಪತ್ತೇದಾರಿ ಕಾದಂಬರಿಯಾದರೆ ಕೇಳುವುದೇ ಬೇಡ, ಯಾವನೋ ಪುಣ್ಯಾತ್ಮ ಮೊದಲ ಪುಟದಲ್ಲೇ "ಕೊಲೆಗಾರ ಡ್ರೈವರ್" ಎಂದು ಬರೆದು ಅಡಿಗೆರೆ ಎಳೆದಿರುತ್ತಿದ್ದ. ನನಗೆ ಒಂಬತ್ತು ವರ್ಷವಾದಾಗ ನಾನೂ ಬರೆದೆ. ಶಾಪದಿಂದ ಮಲಗಿಬಿಟ್ಟ ರಾಜಕುಮಾರಿಯ ಕಥೆಯ ಹಿಂದೆ, "ಇವಳು ನಿದ್ದೆ ಮಾಡಿದ್ದು ಬಿಟ್ಟರೆ ಏನೂ ಮಾಡಲಿಲ್ಲ." ಲೈಬ್ರರಿಯವರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಂದ್ಲಪ್ಪಾ ವಿಮರ್ಶಕಿ" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮುಂದೆ ನನಗೆ ಸಿಕ್ಕ ಉದ್ಯೋಗವೂ ಅದೇ ಜಾತಿಯದು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ನಾನು. ಗಂಡ ಶ್ರೀಧರ ಸೋಡರ್‌ಟೆಲ್ಯೆಯಲ್ಲಿ ಟ್ರಕ್ಕು ತಯಾರಿಸುವ ಕಡೆ ಎಂಜಿನಿಯರ್. ನಾವಿರುವುದು ರಾಜಧಾನಿಯ ಅಂಚಿನ ಸೊಲ್ಲೆಂಟುನಾದ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ನಾಲ್ಕನೇ ಮಹಡಿಯಲ್ಲಿ ಗುನಿಲ್ಲಾ ಇದ್ದಾರೆ. ಎಪ್ಪತ್ತಮೂರು ವರ್ಷದವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಮೊದಲ ವರ್ಷವೆಲ್ಲ ನಾಲಿಗೆಯೇ ಏಳಲಿಲ್ಲ. ಈ ದೇಶದಲ್ಲಿ ಆಂಟಿ, ಅಮ್ಮಾವ್ರೇ, ನೀವು, ತಾವು ಯಾವುದೂ ನಡೆಯುವುದಿಲ್ಲ. ಬಾಯಲ್ಲಿ ಗುನಿಲ್ಲಾ ಎಂದು, ಮನಸ್ಸಿನಲ್ಲಿ 'ಆಂಟಿ' ಎಂದು ಸೇರಿಸಿಕೊಳ್ಳುತ್ತಿದ್ದೆ.

ಪರಿಚಯವಾದದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಎಲ್ಲರಿಗೂ ಸಮಯ ಗೊತ್ತುಮಾಡಿಕೊಳ್ಳುವ ಪದ್ಧತಿ. ಒಬ್ಬರ ಹೊತ್ತಿಗೆ ಇನ್ನೊಬ್ಬರು ಹೋದರೆ ಮಹಾಪರಾಧ. ನಾನು ದಿನ ತಪ್ಪಿ ಅವರ ಹೊತ್ತಿಗೆ ಹೋಗಿ ನಿಂತಿದ್ದೆ. ಬೈಯುತ್ತಾರೆ ಎಂದುಕೊಂಡರೆ, ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ ಎರಡನೇ ಮೆಷಿನ್ ತೋರಿಸಿ, ಹಾಕಿಕೋ ಎಂದರು. ನಾನು ಥ್ಯಾಂಕ್ಸ್ ಹೇಳಿದ್ದಕ್ಕೆ ಗಕ್ಕನೆ ಉಸಿರು ಒಳಗೆಳೆದುಕೊಂಡರು. ಅಯ್ಯೋ ದೇವರೇ, ಎದೆನೋವೇನೋ ಎಂದು ನಾನು ಹೆದರಿ ಕೈ ಹಿಡಿದುಕೊಂಡೆ. ಅವರು ಸ್ವೀಡನ್ನಿನ ಉತ್ತರ ಸೀಮೆಯವರು; ಅಲ್ಲಿಯವರು 'ಹೌದು' ಎನ್ನುವುದೇ ಹಾಗೆ. ಇಬ್ಬರೂ ನಗಾಡಿದೆವು. ಮೆಷಿನ್ ನಿಲ್ಲುವ ಹೊತ್ತಿಗೆ ಪುಸ್ತಕದ ಮಾತು ಶುರುವಾಗಿತ್ತು.

ಮರುದಿನ ಕೃತಜ್ಞತೆಗೆಂದು ಫ್ಲಾಸ್ಕಿನಲ್ಲಿ ಘಮಘಮ ಫಿಲ್ಟರ್ ಕಾಫಿ ಹಾಕಿಕೊಂಡು ಅವರ ಮನೆಗೆ ಹೋದೆ. ಫ್ಲಾಸ್ಕಿನ ಮುಚ್ಚಳ ತೆಗೆದಾಗ ಅವರು ಬಗ್ಗಿ ಮೂಸಿ, ಕಣ್ಣು ಮುಚ್ಚಿ, "ವಾಸನೆ ನೋಡಿದ್ರೆ ಪಾಪ ಬರಲ್ಲ ಅಂದ್ಕೋತೀನಿ" ಎಂದರು. ಆಗಲೇ ತಿಳಿದದ್ದು, ಅವರು ಮಾರ್ಮನ್ ಎಂದು ಜನ ಕರೆಯುವ ಕ್ರೈಸ್ತ ಪಂಥದವರು, ಕಾಫಿ, ಟೀ ಎರಡನ್ನೂ ಮುಟ್ಟುವುದಿಲ್ಲ. ಇಡೀ ದೇಶ ಹಗಲೆಲ್ಲ ಫೀಕಾ ಫೀಕಾ ಎಂದು ಕಾಫಿಯ ಬಿಡುವು ಮಾಡಿಕೊಳ್ಳುವಾಗ, ಐವತ್ತು ವರ್ಷ ಬಿಸಿನೀರು, ಹಾಲು, ಚಾಕೊಲೇಟು ಕುಡಿದುಕೊಂಡು ಅದೇ ದೇಶದಲ್ಲಿ ನಗುನಗುತ್ತಾ ಬಾಳುವುದು ಹುಡುಗಾಟವೇ? ಏಕಾದಶಿಯ ದಿನ ಮಧ್ಯಾಹ್ನಕ್ಕೇ ಸೋಲುವ ನನಗೆ ಅವರ ಬಗ್ಗೆ ಅಲ್ಲಿಂದಲೇ ಗೌರವ ಹುಟ್ಟಿತು.

ಅವರ ಮನೆಯಲ್ಲಿ ಎರಡು ಕಪಾಟು. ಒಂದರ ತುಂಬ ಹಳೆಯ ಕಿನ್ನರಿ ಕಥೆಗಳನ್ನು ಹೊಸದಾಗಿ ಹೆಣೆದ ದಪ್ಪ ಕಾದಂಬರಿಗಳು, ಮಾಟಗಾತಿ, ಶಾಪ, ಮಾತಾಡುವ ಕಾಡುಪ್ರಾಣಿ ಎಲ್ಲ ಇರುವಂಥವು. ಇನ್ನೊಂದರಲ್ಲಿ ಕೊಲೆ. ಸುಮ್ಮನೆ ಕೊಲೆಯಲ್ಲ, ಅಮೆರಿಕದ ಯಾವುದೋ ಬೆಟ್ಟದೂರಿನ ಮಾರ್ಮನ್ ಕೇರಿಯಲ್ಲೇ ನಡೆಯುವ ಕೊಲೆ. ಅಲ್ಲಿರುವ ಗೆಳತಿಯೊಬ್ಬರು ಕಳಿಸುತ್ತಾರಂತೆ. ತಿಂಗಳಿಗೊಂದು ಶನಿವಾರ ಅವರ ಚರ್ಚಿನ ಸಭೆಯ ಐದಾರು ಹೆಂಗಸರು ಸೇರಿ ಇವುಗಳ ಮೇಲೆ ಚರ್ಚೆ ಮಾಡುತ್ತಾರೆ. ಒಬ್ಬರನ್ನೊಬ್ಬರು 'ಸಿಸ್ಟರ್' ಎನ್ನುತ್ತಾರೆ, ನಮ್ಮಲ್ಲಿ ಅಕ್ಕೋರೆ ಎಂದ ಹಾಗೆ. ನನ್ನನ್ನೂ ಒಂದು ಸಲ ಕರೆದರು. ನಾನು ಚಕ್ಕುಲಿ ಹಿಡಿದುಕೊಂಡು ಹೋದೆ, ಈ ಸಲ ಕಾಫಿ ಇಲ್ಲದೆ.

ಎಂಥ ಓದುಗರು ಅಂತೀರಿ! ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಸರದಿಗೆ ಕಾಯುತ್ತಾರೆ. ಕಪ್ಪೆಯಾದ ರಾಜಕುಮಾರನ ಕಾದಂಬರಿ ಆವತ್ತಿನದು. ಎಂಬತ್ತೈದರ ಅಜ್ಜಿಯೊಬ್ಬರು ನಿಧಾನವಾಗಿ, "ಕಪ್ಪೆ ಆಗಿದ್ದಾಗ ಅವನು ಎಷ್ಟು ಚೆನ್ನಾಗಿ ಮಾತಾಡ್ತಿದ್ದ. ಮನುಷ್ಯ ಆದ ಮೇಲೆ ಕುದುರೆ ವಿಷಯ ಬಿಟ್ಟು ಬೇರೆ ಮಾತೇ ಇಲ್ಲ" ಎಂದರು. ಮದುವೆಯಾಗಿ ಅರವತ್ತು ವರ್ಷವಾದವರ ಅನುಭವದ ಮಾತದು, ಯಾವ ವಿಮರ್ಶಕ ಬರೆದಾನು? ಇನ್ನೊಬ್ಬರು ಮೆಚ್ಚಿದ್ದು ಪುಸ್ತಕದ ಶುಚಿತ್ವ. ಮುನ್ನೂರು ಪುಟ ಪ್ರೀತಿಸಿ ಒಂದೇ ಒಂದು ಮುತ್ತು, ಅದೂ ಮದುವೆಯ ದಿನ. ಕಿರುಬೆರಳು ತಾಗಿದ್ದಕ್ಕೇ ಎರಡು ಪುಟ ಬೆವರುವ ನಾಯಕಿಯರನ್ನು ಓದಿ ಬೆಳೆದವಳು ನಾನು. ತವರಿಗೆ ಬಂದಷ್ಟು ಸಂತೋಷವಾಯಿತು.

ಕೊಲೆಯ ಪುಸ್ತಕಗಳ ಬಗ್ಗೆ ಮಾತ್ರ ಅಲ್ಲಿ ಎರಡು ಪಕ್ಷ. ನಿವೃತ್ತ ನರ್ಸ್ ಒಬ್ಬರು ಹೇಳಿದರು: "ನಮ್ಮವರಲ್ಲಿ ಕೆಟ್ಟವರಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಹೊರಗಿನವರು ನಮ್ಮ ಬಗ್ಗೆ ಓದೋದು ಒಂದೇ ಪುಸ್ತಕ. ಅದರಲ್ಲಿ ಹೆಣ ಇರಬೇಕಾ?" ನನಗೆ ಈ ಮಾತು ಸರಿಯಾಗಿ ನಾಟಿತು. ಇಲ್ಲಿಯ ಅಂಗಡಿಗಳಲ್ಲಿ ಭಾರತದ ಕಥೆ ಎಂದು ಇಟ್ಟಿರುವ ಪುಸ್ತಕಗಳ ಹೊದಿಕೆ ನೋಡಿದಾಗಲೆಲ್ಲ ನನಗೂ ಹಾಗೇ ಅನಿಸಿದೆ. ಅದಕ್ಕೆ ಗುನಿಲ್ಲಾ ಕೊಟ್ಟ ಉತ್ತರ ಇನ್ನೂ ಚೆನ್ನ: "ನಮ್ಮ ಹಾಡು, ನಮ್ಮ ಆಲೂಗಡ್ಡೆ ಪಲ್ಯ, ನಮ್ಮ ಭಾನುವಾರದ ಬೇಜಾರು ಎಲ್ಲ ಅಚ್ಚಾಗಿರೋದು ಇವುಗಳಲ್ಲೇ. ಅದನ್ನ ನೋಡೋಕೆ ಒಂದು ಹೆಣ ದಾಟಿ ಹೋಗಬೇಕು ಅಂದ್ರೆ ನಾನು ದಾಟ್ತೀನಿ." ನಂಬಿಕೆಯಿದ್ದೂ ತನ್ನವರನ್ನು ನೋಡಿ ನಗುವ ಶಕ್ತಿ ಎಲ್ಲರಿಗೂ ಬರುವುದಿಲ್ಲ. ಅವರನ್ನು ನಾನು ಮೆಚ್ಚಿದ್ದು ಅದಕ್ಕೇ.

ಆ ದಿನ ಹೊರಡುವಾಗ ಅಂಥದೇ ಒಂದು ಪುಸ್ತಕ ನನ್ನ ಕೈಗಿಟ್ಟು, "ನೀನು ಏನು ಹೇಳ್ತೀಯೋ ನೋಡಬೇಕು" ಎಂದರು.

ಕಥೆ ಇಷ್ಟು. ಸಭೆಯಲ್ಲಿ ಪಿಯಾನೋ ನುಡಿಸುವ ವಿಧವೆಯೊಬ್ಬಳು. ಎಲ್ಲರೂ ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಊಟದಲ್ಲಿ ಒಬ್ಬ ವಿಷ ತಿಂದು ಸಾಯುತ್ತಾನೆ. ಯಾವ ವಿಷ ಎಂದು ಗೊತ್ತಾದರೆ ಕೊಲೆಗಾರ ಸಿಗುತ್ತಾನೆ. ಪಿಯಾನೋ ಹೆಂಗಸಿನ ಮಗಳೇ ರಸಾಯನಶಾಸ್ತ್ರದಲ್ಲಿ ಪಂಡಿತೆ. ಆದರೆ ಅವಳು ಪಂಥ ಬಿಟ್ಟು ದೂರದ ಪಟ್ಟಣ ಸೇರಿದವಳು, ತಾಯಿ ಅವಳ ಹತ್ತಿರ ಮಾತಾಡುವುದಿಲ್ಲ. ತಾನೇ ಪುಸ್ತಕ ನೋಡಿ, ಗಿಡ ಮೂಸಿ, ಅಂಗಡಿ ಅಂಗಡಿ ಅಲೆದು ವಿಷ ಹುಡುಕುತ್ತಾಳೆ. ಮುನ್ನೂರನೇ ಪುಟದಲ್ಲಿ ಕೊನೆಗೂ ಮಗಳಿಗೆ ಫೋನ್ ಮಾಡುತ್ತಾಳೆ. ಅಷ್ಟರಲ್ಲಿ ಇನ್ನಿಬ್ಬರು ಸತ್ತಿರುತ್ತಾರೆ.

ಮುಗಿಸಿದ್ದು ಕಚೇರಿಗೆ ಹೋಗುವ ರೈಲಿನಲ್ಲಿ. ಕೋಟಿನ ಜೇಬಿನಲ್ಲಿ ಮೋಟು ಪೆನ್ಸಿಲ್. ಹಿಂದೆ ನುಣುಪಾದ, ಬೆಳ್ಳಗಿನ, ಖಾಲಿ ಪುಟ. ನಾನೇನು ಬೇಕೆಂದು ಬರೆಯಲಿಲ್ಲ, ಕೈ ತಾನೇ ಬರೆಯಿತು. ಸಂಜೆ ಗುನಿಲ್ಲಾ ಮನೆಯಲ್ಲಿ ಇರಲಿಲ್ಲ; ಪುಸ್ತಕವನ್ನು ಚೀಲದಲ್ಲಿ ಹಾಕಿ ಅವರ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ.

ಮೂರು ದಿನವಾದ ಮೇಲೆ ಅನ್ನಕ್ಕೆ ನೀರು ಅಳೆಯುತ್ತಿದ್ದಾಗ ನೆನಪಾಯಿತು. ಪಾತ್ರೆ ಹಾಗೇ ಬಿಟ್ಟು, "ರೀ, ನಾನೊಂದು ಎಡವಟ್ಟು ಮಾಡಿದೀನಿ" ಎಂದೆ.

"ಈಗ ಎಷ್ಟನೇದು?" ಎಂದು ಶ್ರೀಧರ ಫೋನಿನಿಂದ ತಲೆ ಎತ್ತಲಿಲ್ಲ. ಪೂರ್ತಿ ಕೇಳಿದ ಮೇಲೆ ಮಾತ್ರ ಫೋನ್ ಪಕ್ಕಕ್ಕಿಟ್ಟ. "ಬೇರೆಯವರ ಪುಸ್ತಕದ ಮೇಲೆ ಬರೆದ್ಯಾ? ಸ್ವೀಡನ್ನಲ್ಲಿ? ವೀಣಾ, ಇಲ್ಲಿ ಜನ ಸ್ವಂತ ಗೋಡೆಗೆ ಮೊಳೆ ಹೊಡಿಯೋಕೂ ಯೋಚನೆ ಮಾಡ್ತಾರೆ ಕಣೇ! ಹೋಗ್ಲಿ, ಕನ್ನಡದಲ್ಲಿ ತಾನೆ? ಡಿಸೈನು ಅಂದ್ಕೋತಾರೆ ಬಿಡು."

ರಬ್ಬರ್ ಹಿಡಿದುಕೊಂಡು ನಾಲ್ಕನೇ ಮಹಡಿಗೆ ಓಡಿದೆ. ಗುನಿಲ್ಲಾ ಶಾಂತವಾಗಿ ಬಾಗಿಲು ತೆರೆದು, ಆ ಪುಸ್ತಕ ಆಗಲೇ ಅಂಚೆಯಲ್ಲಿ ಹೋಯಿತು ಎಂದರು. ಹಿಂದಿನ ಪುಟ ಅವರು ನೋಡಿಯೇ ಇರಲಿಲ್ಲ.

"ಎಲ್ಲಿಗೆ ಕಳಿಸಿದ್ರಿ?"

"ಮಾಲ್ಮೋಗೆ. ನನ್ನ ಮಗಳು ಕಾರಿನ್‌ಗೆ."

ಮಗಳಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ಬಿಸಿ ಚಾಕೊಲೇಟು ಮಾಡಿಕೊಂಡು ಬಂದು ಕೂತು ಹೇಳಿದರು. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಕಾರಿನ್, ನನಗೆ ಇದರಲ್ಲಿ ನಂಬಿಕೆ ಇಲ್ಲ ಅಮ್ಮ, ಇದ್ದ ಹಾಗೆ ನಟಿಸೋಕೆ ಆಗಲ್ಲ, ಎಂದಳಂತೆ. ತಾವು 'ಸರಿ' ಎಂದರಂತೆ. ಅಷ್ಟೇ. ಕೂಗಾಟವಿಲ್ಲ, ಬಾಗಿಲು ದಢಾರನೆ ಬಡಿದದ್ದಿಲ್ಲ. ಸಭೆಯವರೂ ಯಾರೂ ಏನೂ ಅನ್ನಲಿಲ್ಲ. ಅವಳು ದೇಶದ ಇನ್ನೊಂದು ತುದಿಯ ಮಾಲ್ಮೋಗೆ ಹೋದಳು. ಹಬ್ಬಕ್ಕೊಂದು ಕಾರ್ಡು ಬರುತ್ತದೆ, ಅಚ್ಚಾದ ಶುಭಾಶಯದ ಕೆಳಗೆ ಬರೀ ಹೆಸರು. ಇಬ್ಬರಿಗೂ ಚಿಕ್ಕಂದಿನಿಂದ ಒಂದೇ ಹುಚ್ಚು, ಈ ಪುಸ್ತಕಗಳು. ಇವರು ಓದಿದ್ದನ್ನು ಅವಳಿಗೆ ಕಳಿಸುತ್ತಾರೆ, ಅವಳು ಓದಿ ವಾಪಸು ಕಳಿಸುತ್ತಾಳೆ.

"ಜೊತೆಗೆ ಪತ್ರ?"

"ಇಲ್ಲ."

"ಒಂದು ಸಾಲು?"

"ಏನು ಬರೆದರೂ ತಪ್ಪಾಗುತ್ತೆ ಅನಿಸುತ್ತೆ. ಪುಸ್ತಕ ಬಂದ್ರೆ ಅವಳು ಚೆನ್ನಾಗಿದಾಳೆ ಅಂತ ಅರ್ಥ. ನನಗೆ ಅಷ್ಟು ಸಾಕು."

ಸಾಕು ಎಂದವರ ಕೈ ಲೋಟವನ್ನು ಗಟ್ಟಿಯಾಗಿ ಹಿಡಿದೇ ಇತ್ತು. ಆ ತಾಯಿ ಮಗಳ ನಡುವೆ ಉಳಿದಿದ್ದ ಒಂದೇ ದಾರಿ ಅದು. ನಾನು ಅದರ ಮೇಲೆ ಏನನ್ನು ಬರೆದು ಬಂದಿದ್ದೇನೆ! ರಬ್ಬರು ಕೈಯಲ್ಲಿ ಬೆವರುತ್ತಿತ್ತು. ಕೊನೇ ಪುಟದಲ್ಲಿ ನಮ್ಮ ಭಾಷೆಯಲ್ಲಿ ಒಂದೆರಡು ಸಾಲು ಬರೆದೆ, ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದರು. ಏನು ಬರೆದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳುವ ಧೈರ್ಯ ಮಾಡಲಿಲ್ಲ. ಕನ್ನಡವಲ್ಲವೇ, ಮಾಲ್ಮೋದಲ್ಲಿ ಯಾರಿಗೆ ಅರ್ಥವಾದೀತು ಎಂದು ಸಮಾಧಾನ ಮಾಡಿಕೊಂಡು ಇಳಿದು ಬಂದೆ. ಕನ್ನಡದವರು ಇಲ್ಲದ ಊರು ಎಂದುಕೊಂಡದ್ದೇ ನನ್ನ ಪೆದ್ದುತನ.

ಮುಂದಿನ ನಾಲ್ಕು ವಾರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಗುನಿಲ್ಲಾ, ಪುಸ್ತಕ ಇನ್ನೂ ಬಂದಿಲ್ಲ ಎಂದು ತಾವಾಗಿಯೇ ಹೇಳುತ್ತಿದ್ದರು. ಸಾಮಾನ್ಯವಾಗಿ ಎರಡು ವಾರಕ್ಕೆ ಬರುವ ಪುಸ್ತಕ ಮೂರಾದರೂ ಬರಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ನನ್ನ ದರಿದ್ರ ಅಭಿಪ್ರಾಯದಿಂದ ಆ ಹುಡುಗಿ ಪುಸ್ತಕ ಕಳಿಸುವುದನ್ನೇ ನಿಲ್ಲಿಸಿಬಿಟ್ಟರೆ? ಶ್ರೀಧರನೂ ಛೇಡಿಸುವುದನ್ನು ಬಿಟ್ಟು, "ಬರುತ್ತೆ ಇರೇ, ಅಂಚೆಯವರು ಲೇಟು" ಎನ್ನತೊಡಗಿದ್ದ.

ಒಂದು ಶನಿವಾರ ಮಧ್ಯಾಹ್ನ ಗುನಿಲ್ಲಾ ಕೆಳಗೆ ಬಂದು, "ಸ್ವಲ್ಪ ಮೇಲೆ ಬರ್ತೀಯಾ?" ಎಂದರು. ಪುಸ್ತಕ ಮೇಜಿನ ಮೇಲಿತ್ತು, ಕೊನೆಯ ಪುಟ ತೆರೆದು. ನನ್ನ ಕೈಬರಹದ ಕೆಳಗೆ ಇನ್ನೊಂದು ಕನ್ನಡ ಕೈಬರಹ: "ಮೇಡಂ, ನಾನೂ ಓದ್ಬೇಕಂತ ಮಾಡಿದ್ದೆ. ಕೊಲೆಗಾರ ಯಾರಂತ ಮೊದ್ಲೇ ಬರ್ದು ಕೆಡಿಸಿಬಿಟ್ರಿ. ಇಂತಿ ಮಂಜುನಾಥ, ಹುಬ್ಬಳ್ಳಿ, ಸದ್ಯ ಮಾಲ್ಮೋ." ಕಾರಿನ್ ಆಫೀಸಿನಲ್ಲಿ ಇವನೊಬ್ಬ ಇದ್ದಾನೆ! ಫೀಕಾ ಹೊತ್ತಿಗೆ ಅವಳು ಪುಸ್ತಕ ತೋರಿಸಿ, ಇದು ನಿಮ್ಮ ಕಡೆಯ ಅಕ್ಷರವೇ ಎಂದು ಕೇಳಿರಬೇಕು, ಇವನು ಅರ್ಥ ಹೇಳಿಕೊಟ್ಟಿರಬೇಕು. ಅದರ ಕೆಳಗೆ, ದುಂಡಗಿನ ಅಕ್ಷರದಲ್ಲಿ, ಸ್ವೀಡಿಷ್‌ನಲ್ಲಿ ಒಂದೇ ಸಾಲು.

"ಇದು ಕಾರಿನ್ ಬರೆದದ್ದು," ಎಂದರು ಗುನಿಲ್ಲಾ. ಬೆರಳನ್ನು ಅದರ ಮೇಲೆ ಇಟ್ಟೇ ಓದಿದರು. "'ಒಪ್ಪುತ್ತೇನೆ. ಆದರೆ ಫೋನ್ ಮಗಳ ಹತ್ತಿರವೂ ಇತ್ತು.'" ಮುಖ ಎತ್ತಿ ನನ್ನನ್ನೇ ನೋಡಿದರು. "ಏನನ್ನ ಒಪ್ಪುತ್ತಾಳೆ? ನೀನು ಏನು ಬರೆದಿದ್ದೆ?"

ಒಂದು ಕ್ಷಣ ಸುಳ್ಳು ಹೇಳೋಣವೆನಿಸಿತು. ಕಥೆ ಸೊಗಸಾಗಿದೆ, ಭಾಷೆ ಸರಳವಾಗಿದೆ ಎಂದರೆ ಮುಗಿಯಿತು, ಯಾರು ನೋಡಬೇಕು? ಆದರೆ ಆ ಬೆರಳು ಮಗಳ ಅಕ್ಷರ ಬಿಟ್ಟು ಕದಲಿರಲಿಲ್ಲ. ಹನ್ನೊಂದು ವರ್ಷಕ್ಕೆ ಬಂದ ಮೊದಲ ಸಾಲಿನ ಅರ್ಧ ಅರ್ಥವನ್ನು ನಾನು ನುಂಗಿಹಾಕಲೇ? ಒಂದೊಂದೇ ಪದ ಹುಡುಕಿ ಅನುವಾದಿಸಿದೆ:

"ಕೊಲೆಗಾರ ಹಾಡಿನ ಮೇಷ್ಟ್ರು. ಮಗಳಿಗೆ ಒಂದು ಫೋನ್ ಮಾಡಿದ್ದರೆ ನೂರನೇ ಪುಟದಲ್ಲೇ ಸಿಕ್ಕಿಬೀಳುತ್ತಿದ್ದ. ಈ ತಾಯಿಯ ಜಂಬಕ್ಕೆ ಇನ್ನಿಬ್ಬರು ಸತ್ತರು."

ಗುನಿಲ್ಲಾ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಕ್ಷಮಿಸಿ, ಕ್ಷಮಿಸಿ ಎಂದು ಮೂರು ಭಾಷೆಯಲ್ಲಿ ಹೇಳಿದೆ.

"ಜಂಬ ಅಲ್ಲ ಅದು," ಎಂದರು ಆಮೇಲೆ. "ಹೆದರಿಕೆ. ಫೋನ್ ಮಾಡಿದ್ರೆ ಅವಳು ಎತ್ತದೇ ಇದ್ರೆ? ಮಾಡದೇ ಇದ್ದಷ್ಟು ದಿನ, ಮಾಡಿದ್ರೆ ಎತ್ತುತ್ತಾಳೆ ಅಂತ ಅಂದ್ಕೊಂಡಿರಬಹುದು." ಮೂಗು ಒರೆಸಿಕೊಂಡರು. "ಆ ಪುಸ್ತಕದ ಹೆಂಗಸನ್ನ ನಮ್ಮ ಗುಂಪಿನಲ್ಲಿ ಎಲ್ಲರೂ ಹೊಗಳಿದ್ರು. ಎಷ್ಟು ತಾಳ್ಮೆ, ಎಷ್ಟು ತಾಳ್ಮೆ ಅಂತ. ನಾನೂ ಹೊಗಳಿದೆ."

"ಗುನಿಲ್ಲಾ ಆಂಟಿ," ಎಂದೆ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು. "ಈಗ ಮಾಡಿ."

"ಏನು ಹೇಳಲಿ?"

"ಪುಸ್ತಕ ಹೇಗಿತ್ತು ಅಂತ ಕೇಳಿ. ಅಷ್ಟೇ."

ನಂಬರು ನೋಡಿಕೊಳ್ಳದೆ ಒತ್ತಿದರು. ಹನ್ನೊಂದು ವರ್ಷ ಮಾಡದ ನಂಬರು ಬಾಯಿಪಾಠವಿತ್ತು. ಒಂದು ಸಲ ರಿಂಗಾಯಿತು. ಎರಡು. ಮೂರು. ಅವರು ನನ್ನ ಕೈಯನ್ನು ನೋವಾಗುವಷ್ಟು ಹಿಡಿದುಕೊಂಡಿದ್ದರು. ನಾಲ್ಕನೆಯದರ ಮಧ್ಯೆ ಆ ಕಡೆಯಿಂದ ಒಂದು ದನಿ, "ಅಮ್ಮಾ?" ಎಂದಿತು. ನಾನು ಕೈ ಬಿಡಿಸಿಕೊಂಡು ಮೆಲ್ಲಗೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಇಳಿದು ಹೋಗಬೇಕಾಗಿತ್ತು, ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಸಣ್ಣಗೆ ಮಾತು. ಇದ್ದಕ್ಕಿದ್ದಂತೆ ಗುನಿಲ್ಲಾ ದನಿ ಏರಿತು. "ಇಲ್ಲ ಕಾರಿನ್, ಇಲ್ಲ! ಮೊದಲು ಮಾಡಬೇಕಾದವಳು ತಾಯಿನೇ!" ನನ್ನ ಹರಕು ಸ್ವೀಡಿಷ್‌ಗೂ ತಿಳಿಯುವಷ್ಟು ಜೋರಾಗಿ. ಆ ಕಡೆ ಮಗಳು ಏನೋ ಎದುರಾಡಿರಬೇಕು. "ಇಲ್ಲ ಅಂದೆನಲ್ಲ! ನೀನು ಎರಡನೇ ಅಧ್ಯಾಯ ಸರಿಯಾಗಿ ಓದೇ ಇಲ್ಲ!" ಅಳುವೋ ನಗುವೋ ತಿಳಿಯದ ಸದ್ದು. ಮತ್ತೆ ಜಗಳ. ಸರದಿಗೆ ಕಾಯುವ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕದ ಆ ಮಹಾಸಾಧ್ವಿ, ಮಗಳ ಮಾತನ್ನು ಅರ್ಧಕ್ಕೇ ತುಂಡರಿಸುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಲಿಲ್ಲ.

ಎದುರು ಮನೆಯ ಬಾಗಿಲು ಸ್ವಲ್ಪವೇ ತೆರೆಯಿತು. ಅಲ್ಲಿಯ ಮುದುಕರು ಇಣುಕಿ, ಮೆಟ್ಟಿಲ ಮೇಲೆ ಅಳುತ್ತಾ ಕೂತ ನನ್ನನ್ನು ನೋಡಿ, ಗುನಿಲ್ಲಾ ಬಾಗಿಲ ಕಡೆ ನೋಡಿ, ಏನಾದರೂ ಅನಾಹುತವಾಗಿದೆಯೇ, ಯಾರಿಗಾದರೂ ಫೋನ್ ಮಾಡಬೇಕೇ ಎಂದು ಗಾಬರಿಯಿಂದ ಕೇಳಿದರು.

"ಏನಿಲ್ಲ," ಎಂದೆ. "ತಾಯಿ ಮಗಳು ಮಾತಾಡ್ತಾ ಇದಾರೆ."